ಹಕಾರವಿಲ್ಲದ ಕರಾಟೆ

ಬೋಗಾದಿ ಹಳ್ಳಿಯ ಹುಡುಗಿ ಚಾಮುಂಡೇಶ್ವರಿಯ ಬಾಯಲ್ಲಿ ಹಕಾರ ಇರಲಿಲ್ಲ. ಅವಳ ಅವ್ವನ ಬಾಯಲ್ಲೂ ಇರಲಿಲ್ಲ, ಅಜ್ಜಿಯ ಬಾಯಲ್ಲೂ ಇರಲಿಲ್ಲ, ಅವರ ಬೀದಿಯಲ್ಲಿ ಹುಡುಕಿದರೂ ಒಂದು ಸಿಗುತ್ತಿರಲಿಲ್ಲ. ಹಾಗಂತ ಯಾರಿಗೂ ಏನೂ ಕಡಿಮೆಯಾಗಿರಲಿಲ್ಲ ಬಿಡಿ. ಹಸುವನ್ನು 'ಅಸು' ಅಂದರೂ ಅದು ತಿರುಗಿ ನೋಡುತ್ತಿತ್ತು, ಹೊಲವನ್ನು 'ಒಲ' ಅಂದರೂ ರಾಗಿ ಬೆಳೆಯುತ್ತಿತ್ತು. ತಕರಾರು ಶುರುವಾದದ್ದು ಹೊಲಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಮನೆಗಳಾಗಿ, ಆ ಮನೆಗಳಿಗೆ ಶುದ್ಧ ಮಾತಿನ ಜನ ಬಂದು ಕೂತ ಮೇಲೆ.

ಅವ್ವ ಚಲುವಮ್ಮ ಎರಡು ಎಮ್ಮೆ ಕಟ್ಟಿಕೊಂಡು ಪಕ್ಕದ ಹೊಸ ಬಡಾವಣೆ ರಾಮಕೃಷ್ಣನಗರದ ಮನೆಗಳಿಗೆ ದಿನವೂ ವರ್ತನೆ ಹಾಲು ಹಾಕುತ್ತಿದ್ದಳು. ಒಂದು ಬೆಳಗ್ಗೆ ಗೇಟಿನ ಮುಂದೆ ನಿಂತು "ಆಲೂ" ಎಂದು ಕೂಗಿದಾಗ, ಉತ್ತರ ಭಾರತದ ಕಡೆಯಿಂದ ಹೊಸದಾಗಿ ಬಂದಿದ್ದ ಹೆಂಗಸೊಬ್ಬಳು ಬುಟ್ಟಿ ಹಿಡಿದುಕೊಂಡು ಆಲೂಗಡ್ಡೆ ಕೊಳ್ಳಲು ಓಡಿ ಬಂದುಬಿಟ್ಟಳು. ಅಕ್ಕಪಕ್ಕದ ಗೇಟುಗಳಲ್ಲಿ ನಿಂತಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಎಮ್ಮೆ ಆಲೂಗೆಡ್ಡೆ ಕೊಡಾಕಿಲ್ಲ ಕಣಮ್ಮ, ಪಾತ್ರೆ ತಕ್ಕಬನ್ನಿ," ಅಂದಳು ಚಲುವಮ್ಮ, ಮುಖ ಒಂದಿಷ್ಟೂ ಕದಲಿಸದೆ. ಮಾರನೇ ದಿನ ಅದೇ ಗೇಟಿನ ಮುಂದೆ ಇನ್ನೂ ಜೋರಾಗಿ "ಆಲೂ" ಎಂದು ಕೂಗಿದಳು. ಕ್ಯಾನು ಹಿಡಿದು ಹಿಂದೆ ನಿಂತಿದ್ದ ಹತ್ತು ವರ್ಷದ ಮಗಳು ಚಾಮಿ ಇದನ್ನೆಲ್ಲ ನೋಡಿದಳು. ನಕ್ಕವರ ಮುಖಗಳನ್ನು ಒಂದೊಂದಾಗಿ ನೆನಪಿಟ್ಟುಕೊಂಡಳು ಕೂಡ.

ಅವಳು ಕರಾಟೆಗೆ ಸಿಕ್ಕಿಬಿದ್ದದ್ದೂ ಆ ಹಾಲಿನ ದಾರಿಯಲ್ಲೇ. 1993ರ ಮಾತು. ರಾಮಕೃಷ್ಣನಗರದ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಿಂದ ಬೆಳಗ್ಗೆ ಬೆಳಗ್ಗೆ ಮಕ್ಕಳ ಕಿರುಚಾಟ ಕೇಳಿಸುತ್ತಿತ್ತು. ಕಿಟಕಿಯಲ್ಲಿ ಇಣುಕಿದರೆ ಬಿಳಿ ಬಟ್ಟೆಯ ಇಪ್ಪತ್ತು ಮಕ್ಕಳು ಗಾಳಿಗೆ ಗುದ್ದುತ್ತಿದ್ದಾರೆ. ಎದುರಿಗೆ ಸೊಂಟಕ್ಕೆ ಕಪ್ಪು ಬೆಲ್ಟು, ಹಣೆ ತುಂಬ ವಿಭೂತಿ ಇರುವ ಸಣಕಲು ಆಸಾಮಿ.

"ಯಾರವ್ವಾ ಅದು ಕಿಟ್ಕೀಲಿ? ಒಳೀಕ್ ಬಾ," ಅಂದರು ಅವರು.

ಅವರೇ ಗುರುಸಿದ್ದಯ್ಯ ಮೇಷ್ಟ್ರು. ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸ. ಬೆಳಗಿನ ಕ್ಲಾಸಿಗೋಸ್ಕರ ಯಾವಾಗಲೂ ಎರಡನೇ ಪಾಳಿಯನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದವರು. ಚಾಮಿ ಕ್ಯಾನು ಬಾಗಿಲಲ್ಲಿಟ್ಟು ಒಳಗೆ ಹೋದಳು. ಆವತ್ತು ಆರು ಮನೆಗೆ ಹಾಲು ತಡವಾಗಿ ಹೋಯಿತು.

ಮೇಷ್ಟ್ರು ಮಠವೊಂದರ ಉಚಿತ ಹಾಸ್ಟೆಲ್‌ನಲ್ಲಿ ಓದಿದವರು, ಮಂಟಪದವರು ಅದೇ ಮಠದ ಭಕ್ತರು. ಆ ನಂಟಿಗೆ ಹಾಲ್ ಸಿಕ್ಕಿತ್ತು. ಮದುವೆ ಇದ್ದ ದಿನ ಕ್ಲಾಸಿಲ್ಲ. ಮದುವೆಯ ಮಾರನೇ ದಿನ ಕ್ಲಾಸು ಉಂಟು, ಆದರೆ ನೆಲದ ಮೇಲೆ ಅಲ್ಲಲ್ಲಿ ಪಾಯಸವೂ ಉಂಟು. ಎಷ್ಟು ತೊಳೆದರೂ ಹೋಗದ ಪಾಯಸ. ಒದೆಯಲು ಕಾಲೆತ್ತಿದರೆ ನಿಂತ ಕಾಲು ಸರ್ರನೆ ಜಾರುತ್ತಿತ್ತು. ಪೇಟೆಯ ದೊಡ್ಡ ಕ್ಲಬ್ಬುಗಳ ಮಕ್ಕಳು ಮ್ಯಾಟಿನ ಮೇಲೆ ಕಲಿತರು, ಇವರು ಪಾಯಸದ ಮೇಲೆ ಕಲಿತರು. ಪಾಯಸದ ಮೇಲೆ ನಿಂತವರನ್ನು ಬೀಳಿಸುವುದು ಅಷ್ಟು ಸುಲಭವಲ್ಲ ಎಂದು ಆಮೇಲೆ ಸುಮಾರು ಜನಕ್ಕೆ ಗೊತ್ತಾಯಿತು.

ಇನ್ನು ಮೇಷ್ಟ್ರ ನೋಟ್‌ಬುಕ್ಕಿನ ಸಂಗತಿ ಹೇಳಬೇಕು. ಕರಾಟೆಯ ಆಜ್ಞೆಗಳು, ಎಣಿಕೆ, ಪಟ್ಟುಗಳ ಹೆಸರು ಎಲ್ಲವೂ ಜಪಾನಿ ಮಾತು. ಹಾಸ್ಟೆಲ್‌ನಲ್ಲಿ ಹಿರಿಯ ಹುಡುಗನೊಬ್ಬ ಕಲಿಸಿದಾಗ ಗುರುಸಿದ್ದಯ್ಯನವರು ಅವನ್ನೆಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದರು. ಅವರೂ ಕಡಕೊಳದಾಚೆಯ ಹಳ್ಳಿಯವರು. ಕಿವಿಗೆ ಬಿದ್ದದ್ದು ಬಾಯಲ್ಲಿ ಹೇಗೆ ಬಂತೋ ಹಾಗೆ ಬರೆದರು. 'ಶುರು ಮಾಡು' ಎನ್ನುವುದಕ್ಕೆ ಜಪಾನಿನವರು 'ಹಜಿಮೆ' ಅನ್ನುತ್ತಾರೆ. ಮೇಷ್ಟ್ರ ಪುಸ್ತಕದಲ್ಲಿ ಅದು 'ಅಜಿಮೆ'. ಎಂಟಕ್ಕೆ ಅವರು 'ಹಚಿ' ಅಂದರೆ ಇವರು 'ಅಚಿ'. ಎಡಗಡೆಗೆ ಅವರು 'ಹಿದರಿ', ಇವರು 'ಇದರಿ'. ಮೇಷ್ಟ್ರು ಅಂದದ್ದನ್ನು ಮಕ್ಕಳು ಅಂದರು. ಬೋಗಾದಿ ಮಕ್ಕಳಿಗೆ ಅದು ಸಲೀಸಾಗಿ ಬಂತು. ಲೇಔಟಿನ ಮಕ್ಕಳೂ, ಜಪಾನಿ ಭಾಷೆ ಹೀಗೇ ಇರಬೇಕು ಅಂದುಕೊಂಡು ಕೂಗಿದರು. ಜಪಾನಿನಿಂದ ಯಾರಾದರೂ ಬಂದು ಕೇಳಿದ್ದರೆ ಗೊತ್ತಾಗುತ್ತಿತ್ತೋ ಏನೋ, ಯಾರೂ ಬರಲಿಲ್ಲ.

ಗೊತ್ತಾದದ್ದು 1997ರಲ್ಲಿ. ಕ್ಲಬ್ಬು ಮೊದಲ ಸಲ ಜಿಲ್ಲಾ ಮಟ್ಟದ ಸ್ಪರ್ಧೆಗೆ ಹೋಗಿತ್ತು. ಬೋಗಾದಿಯ ಟೈಲರ್ ದಪ್ಪ ಕೋರಾ ಬಟ್ಟೆಯಲ್ಲಿ ಹೊಲಿದುಕೊಟ್ಟ ಸಮವಸ್ತ್ರ ತೊಟ್ಟು ಹದಿನಾಲ್ಕು ವರ್ಷದ ಚಾಮಿ ಅಂಕಣದ ಮಧ್ಯೆ ನಿಂತಳು. ಅವಳದು ಕಟಾ ಸ್ಪರ್ಧೆ. ಕಟಾ ಅಂದರೆ ಎದುರಾಳಿಯಿಲ್ಲದೆ ಒಬ್ಬಳೇ ಮಾಡಿ ತೋರಿಸುವ ಗುದ್ದು, ಒದೆ, ತಡೆಗಳ ಒಂದು ಕ್ರಮ. ಮಾಡುವ ಮುಂಚೆ ಅದರ ಹೆಸರನ್ನು ಎಲ್ಲರಿಗೂ ಕೇಳುವ ಹಾಗೆ ಕೂಗಬೇಕು. ಅವಳು ಮಾಡಬೇಕಾಗಿದ್ದದ್ದು 'ಹೇಯಾನ್ ನಿದಾನ್'.

"ಏಯಾನ್ ನಿದಾನ್!" ಎಂದು ಚಾಮಿ ಎದೆ ತುಂಬ ಉಸಿರೆಳೆದು ಕೂಗಿದಳು.

ಗ್ಯಾಲರಿಯಿಂದ ಯಾವನೋ ಒಬ್ಬ, "ಏ, ಏನ್ ನಿಧಾನನಮ್ಮಾ? ಬೇಗ ಮಾಡು!" ಅಂದ. ಇಡೀ ಹಾಲ್ ಘೊಳ್ಳೆಂದಿತು. ತೀರ್ಪುಗಾರ ಮುಗುಳ್ನಗುತ್ತ, "ಸರಿಯಾಗಿ ಹೆಸರು ಹೇಳಮ್ಮ," ಅಂದ. ಅವಳು ಸರಿಯಾಗಿಯೇ ಹೇಳಿದಳು, "ಏಯಾನ್ ನಿದಾನ್." ಮೂರನೇ ಸಲವೂ ಅದೇ ಬಂತು. ಇನ್ನೇನು ಬಂದೀತು ಪಾಪ, ಕಲಿತದ್ದು ಅದನ್ನೇ. ಆ ಹೆಸರಿನ ಕಟಾ ಇಲ್ಲ ಎಂದು ತೀರ್ಪುಗಾರ ಅವಳನ್ನು ಒಂದು ಹೆಜ್ಜೆಯೂ ಇಡಗೊಡದೆ ಹೊರಗೆ ಕಳಿಸಿದ. ಗೆದ್ದ ಹುಡುಗಿ ತಿರುಗುವಾಗ ಎರಡು ಸಲ ತಡವರಿಸಿದ್ದನ್ನು ಚಾಮಿ ಗೋಡೆಗೆ ಒರಗಿ ನೋಡುತ್ತಿದ್ದಳು. ಕುಸ್ತಿ ನೋಡಿ ಬೆಳೆದ ಊರಿನಲ್ಲಿ ಪಟ್ಟು ನೋಡದೆ ಮಾತು ನೋಡಿ ಸೋಲಿಸುವುದು ಯಾವ ಸೀಮೆಯ ನ್ಯಾಯ?

ಹೊರಗೆ ಬಂದ ಮೇಲೆ ಮೇಷ್ಟ್ರು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ನೋಟ್‌ಬುಕ್ ತೆರೆದರು. ಬಾಯಿ ತೆರೆದು ಪ್ರಯತ್ನ ಮಾಡಿದರು. "ಏ… ಏ…" ಊಹೂಂ, ಜಪ್ಪಯ್ಯ ಅಂದರೂ ಬರಲಿಲ್ಲ.

"ನನ್ ತೆಪ್ಪು ಕಣವ್ವ," ಅಂದರು ಕೊನೆಗೆ. "ನಾನೇ ತೆಪ್ಪು ಬರ್ಕಂಡಿದ್ದೆ."

ಸೋತದ್ದಕ್ಕಿಂತ ಆ ಮಾತು ಚಾಮಿಗೆ ಹೆಚ್ಚು ನೋವು ಕೊಟ್ಟಿತು. ಮನೆಗೆ ಬಂದು ಕೊಟ್ಟಿಗೆಯಲ್ಲಿ ಕೂತು ಅತ್ತಳು. ಚಲುವಮ್ಮ ಎಮ್ಮೆಗೆ ಬೂಸ ಕಲಸುತ್ತ ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲ ಕಣೇ, ಒದೆಯಾದು ಕಾಲಲ್ಲಾ ಬಾಯಲ್ಲಾ?" ಅಂದಳು. ಹಾಲ್‌ನಲ್ಲಿ ನಕ್ಕವರನ್ನೇ ಕೇಳಬೇಕಾದ ಮಾತು.

ಆದರೆ ಚಾಮಿ ಬಿಡುವವಳಲ್ಲ. ಕ್ಲಬ್ಬಿನಲ್ಲೇ ರಾಮಕೃಷ್ಣನಗರದ ಮಧುಶ್ರೀ ಎಂಬ ಗೆಳತಿಯಿದ್ದಳು. "ಬಾಯಿ ಮುಂದೆ ಅಂಗೈ ಹಿಡ್ಕೊ, ಗಾಳಿ ಅಂಗೈಗೆ ತಾಗ್ಬೇಕು ಕಣೇ. ಹ! ಹ!" ಎಂದು ಅವಳು ಹೇಳಿಕೊಟ್ಟಳು. ಚಾಮಿ ಅಂಗೈ ಹಿಡಿದುಕೊಂಡೇ ಹಾಲು ಹಾಕಿದಳು, ಅಂಗೈ ಹಿಡಿದುಕೊಂಡೇ ಶಾಲೆಗೆ ಹೋದಳು. ಹಕಾರ ಬಂತು. ಬಂದದ್ದು ಎಲ್ಲೆಂದರಲ್ಲಿ ಬಂತು! ಇಚಿ, ನಿ, ಸನ್ ಎಂದು ಎಣಿಸಬೇಕಾದವಳು 'ಹಿಚಿ' ಎಂದು ಶುರು ಮಾಡಿದಳು. 'ಒಸ್' ಎಂದು ನಮಸ್ಕಾರ ಮಾಡಬೇಕಾದಲ್ಲಿ 'ಹೊಸ್' ಅಂದಳು. ಮನೆಯಲ್ಲಿ ತಟ್ಟೆ ಮುಂದೆ ಕೂತು "ಅವ್ವಾ, ಹನ್ನ ಹಾಕು" ಅಂದಾಗ ಚಲುವಮ್ಮ ಗಾಬರಿಯಾಗಿ ಮಗಳ ಹಣೆ ಮುಟ್ಟಿ ನೋಡಿದಳು.

"ಜ್ವರ ಗಿರ ಬಂದದಾ ಇವ್ಳಿಗೆ?"

ಆರು ತಿಂಗಳು ಈ ಫಜೀತಿ. ಆಮೇಲೆ ಹಕಾರ ಕೂರುವ ಜಾಗದಲ್ಲಿ ಕೂತುಕೊಂಡಿತು. ಮುಂದಿನ ವರ್ಷದ ಸ್ಪರ್ಧೆಯಲ್ಲಿ ಅವಳು "ಹೇಯಾನ್" ಎಂದು ಕೂಗಿದ ರಭಸಕ್ಕೆ ತೀರ್ಪುಗಾರ ಬೆಚ್ಚಿಬಿದ್ದ. ಆ ವರ್ಷ ಎರಡನೇ ಬಹುಮಾನ, ಅದರ ಮುಂದಿನೆರಡು ವರ್ಷ ಮೊದಲನೆಯದು. ಹೊರಗೆ ಹೋಗುವಾಗ ಚಾಮಿ ಹಕಾರವನ್ನು ಚಪ್ಪಲಿಯ ಹಾಗೆ ಮೆಟ್ಟಿಕೊಂಡು ಹೋಗುತ್ತಿದ್ದಳು. ಊಟದ ಹಾಲ್‌ಗೆ ಬಂದರೆ ಬಾಗಿಲಲ್ಲೇ ಬಿಟ್ಟು ಒಳಗೆ ಬರುತ್ತಿದ್ದಳು. ಒಳಗೆ ಮೇಷ್ಟ್ರ 'ಅಜಿಮೆ'ಯೇ ನಡೆಯುತ್ತಿತ್ತು. ಅವರೆದುರಿಗೆ ಬೇರೆ ಥರ ಅನ್ನಲು ಅವಳಿಗೆ ಮನಸ್ಸು ಬರಲಿಲ್ಲ.

2001ರ ಹೊತ್ತಿಗೆ ಮೇಷ್ಟ್ರ ಬಲಮೊಣಕಾಲು ಕೈಕೊಟ್ಟಿತು. ಕಾರ್ಖಾನೆಯಲ್ಲಿ ಪಾಳಿಯುದ್ದಕ್ಕೂ ನಿಂತು, ಬೆಳಗ್ಗೆ ಮಕ್ಕಳ ಮುಂದೆ ಕುಣಿದು ಅದು ಸವೆದುಹೋಗಿತ್ತು. ಕ್ಲಾಸನ್ನು ಚಾಮಿಗೆ ವಹಿಸಬೇಕೆಂದು ಅವರ ಆಸೆ. ಚಾಮಿಯ ಆಸೆಯೂ ಅದೇ. ಬೇರೆ ಏನನ್ನೂ ಅವಳು ಅಷ್ಟು ಬಯಸಿರಲಿಲ್ಲ. ಆದರೆ ಅದೇ ಸಮಯಕ್ಕೆ ಕರಾಟೆ ಸಂಘದಿಂದ ಕಾಗದ ಬಂತು. ಕಪ್ಪು ಬೆಲ್ಟ್ ಇಲ್ಲದವರು ಕ್ಲಾಸು ನಡೆಸಕೂಡದು, ನಡೆಸಿದರೆ ಆ ಕ್ಲಬ್ಬಿನ ಹೆಸರು ಪಟ್ಟಿಯಿಂದ ತೆಗೆಯಲಾಗುವುದು. ಚಾಮಿಯದು ಇನ್ನೂ ಅದರ ಕೆಳಗಿನ ಕಂದು ಬೆಲ್ಟ್. ಪರೀಕ್ಷೆ ಪಾಸಾದರೆ ಕ್ಲಾಸು ಅವಳದು, ಇಲ್ಲದಿದ್ದರೆ ಮೇಷ್ಟ್ರ ಮೊಣಕಾಲು ಎಷ್ಟು ದಿನವೋ ಅಷ್ಟು ದಿನ.

ಪರೀಕ್ಷೆ ಮಾಡಲು ಬೆಂಗಳೂರಿನಿಂದ ಶಿವಶಂಕರ್ ಎಂಬುವರು ಬಂದರು. ಮನೆತನ ಈ ಕಡೆಯದೇ, ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲಿ. ಇಸ್ತ್ರಿ ಮಾಡಿದ ಹಾಗಿದ್ದ ಮನುಷ್ಯ, ಕೆಟ್ಟವರೇನಲ್ಲ. ಕಲಿಸುವ ಪರೀಕ್ಷೆಯೂ ಇದ್ದದ್ದರಿಂದ ಕ್ಲಬ್ಬಿನ ಮಕ್ಕಳ ಮುಂದೆಯೇ ಆಗಲಿ ಎಂದು ಅವರೇ ಊಟದ ಹಾಲ್‌ಗೆ ಬಂದಿದ್ದರು. ಚಾಮಿ ಕಟಾ ಮಾಡಿದಳು, ಹೆಸರನ್ನು ನಿಯಮದ ಪ್ರಕಾರ ಹಕಾರ ಸಮೇತ ಹೇಳಿಯೇ ಮಾಡಿದಳು. ಕಾಳಗ ಮಾಡಿದಳು. ಎರಡು ಹಲಗೆ ಮುರಿದಳು.

"ಬಹಲ ಚೆನ್ನಾಗಿದೆ," ಅಂದರು ಶಿವಶಂಕರ್, ಹಾಳೆಯ ಮೇಲೆ ಗುರುತು ಹಾಕುತ್ತ. "ಈಗ ಕ್ಲಾಸ್ ತಗೊ."

ಚಾಮಿ ಮೂವತ್ತು ಮಕ್ಕಳ ಎದುರು ನಿಂತಳು. ಆ ಜಾಗದಲ್ಲಿ ನಿಂತರೆ ಬಾಯಿಗೆ ಬರುವುದು ಒಂದೇ ಮಾತು. "ಅಜಿಮೆ!" ಅಂದಳು. ಮೂವತ್ತು ಮುಷ್ಟಿಗಳು ಒಟ್ಟಿಗೆ ಮುಂದೆ ಹೋದವು.

"ಯಮೆ!" ಎಂದು ಶಿವಶಂಕರ್ ನಿಲ್ಲಿಸಿದರು. "ಏನದು, ಅಜಿಮೆ?"

"ನಮ್ಮಲ್ಲಿ ಹಾಗೇ ಅನ್ನೋದು ಸಾರ್," ಅಂದಳು ಚಾಮಿ.

ಅವರು ಎದ್ದು ನಿಂತು ತಾವೇ ಖಡಕ್ಕಾಗಿ "ಹಜಿಮೆ!" ಎಂದು ಆಜ್ಞೆ ಕೊಟ್ಟರು. ಒಂದು ಮಗುವೂ ಅಲುಗಲಿಲ್ಲ. ಇನ್ನೊಂದು ಸಲ ಕೊಟ್ಟರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಏನಪ್ಪಾ ಇದು ಎಂದು ಪಕ್ಕದವಳ ಮುಖ ನೋಡಿದಳು, ಅಷ್ಟೆ. ಶಿವಶಂಕರ್ ಅವರ ಕಿವಿ ಕೆಂಪಾಯಿತು. ಅವರು ಗೋಡೆಯ ಪಕ್ಕ ನಿಂತಿದ್ದ ಗುರುಸಿದ್ದಯ್ಯನವರ ಕಡೆ ಒಂದು ನೋಟ ಬೀರಿ, ಚಾಮಿಯ ಕಡೆ ತಿರುಗಿದರು.

"ಇದು ತಪ್ಪು. ಮೊದಲು ಮಕ್ಕಲಿಗೆ ಹೇಲು, ನಿಮ್ಮ ಮಾಸ್ಟರ್ ಇಷ್ಟು ದಿನ ಕಲಿಸಿದ್ದು ತಪ್ಪು ಅಂತ ಹೇಲು. ಎಲ್ಲರ ಮುಂದೆ ಹೇಲು. ಆಮೇಲೆ ಹಜಿಮೆ ಅನ್ನು, ನಿನ್ನನ್ನ ಪಾಸ್ ಮಾಡ್ತೀನಿ."

ಅಯ್ಯೋ ದೇವರೇ! ಆ ಮಾತಿಗೆ ಕನ್ನಡದಲ್ಲಿ ಏನರ್ಥ ಎಂದು ಮೂರು ವರ್ಷದ ಕೂಸಿಗೂ ಗೊತ್ತು. ಇಡೀ ಹಾಲ್ ನಗೆಯಿಂದ ಸಿಡಿದುಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಒಬ್ಬ ನೆಲಕ್ಕೇ ಕುಕ್ಕರಿಸಿದ. ಯಾಕೆ ನಗುತ್ತಿದ್ದಾರೆಂದು ತಿಳಿಯದೆ ಶಿವಶಂಕರ್ ಹಾಳೆ ಹಿಡಿದುಕೊಂಡು ಅತ್ತ ಇತ್ತ ನೋಡಿದರು. ಆ ಮುಖ ಚಾಮಿಗೆ ಗೊತ್ತಿತ್ತು. ಅಂಕಣದ ಮಧ್ಯೆ ನಿಂತಾಗ ತನ್ನ ಮುಖವೂ ಹೀಗೇ ಇದ್ದಿರಬೇಕು.

"ಯಾರೂ ನಗ್ಬಾರ್ದು!" ಅವಳು ಗುಡುಗಿದ ಏಟಿಗೆ ನಗು ಅಲ್ಲಲ್ಲೇ ನಿಂತಿತು. "ಸಾರ್‌ಗೆ ಳಕಾರ ಬರಾಕಿಲ್ಲ. ನಮ್ಗೆ ಹಕಾರ ಬರಾಕಿಲ್ಲ. ಅದ್ರಲ್ಲಿ ನಗಾದೇನದೆ? ಎದ್ದು ಸಾಲಲ್ಲಿ ನಿಂತ್ಕೊಳ್ಳಿ."

ಮಕ್ಕಳು ನಿಂತುಕೊಂಡರು. ಆಗ ಗೋಡೆಯ ಕಡೆಯಿಂದ ಮೇಷ್ಟ್ರ ದನಿ ಕೇಳಿಸಿತು. ಅವರು ತಲೆ ತಗ್ಗಿಸಿಕೊಂಡಿದ್ದರು. ಎಂಟು ವರ್ಷದಲ್ಲಿ ಅವರ ತಲೆ ಮಕ್ಕಳ ಮುಂದೆ ತಗ್ಗಿದ್ದನ್ನು ಚಾಮಿ ಕಂಡಿರಲಿಲ್ಲ.

"ಏಳ್ಬುಡವ್ವ. ತೆಪ್ಪು ನಂದೇ ತಾನೇ? ಒಂದ್ ಮಾತು, ಏಳ್ಬುಡು."

ಒಬ್ಬರು ಹೇಲು ಅಂದರು, ಒಬ್ಬರು ಏಳು ಅಂದರು. ಆ ಮೂವರಲ್ಲಿ 'ಹೇಳು' ಎಂದು ನೆಟ್ಟಗೆ ಅನ್ನಬಲ್ಲವಳು ಹಾಲಿನ ಚಲುವಮ್ಮನ ಮಗಳು ಒಬ್ಬಳೇ. ಅವಳಿಗೆ ಬರುತ್ತಿತ್ತು. ಒಂದು ಸಲ ಹಜಿಮೆ ಅನ್ನುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಅದಕ್ಕೆ ಮುಂಚೆ ಅನ್ನಬೇಕಾದ ಮಾತಿತ್ತಲ್ಲ, ಕಷ್ಟ ಇದ್ದದ್ದು ಅದರಲ್ಲಿ. ಮೊಣಕಾಲು ಸವೆಸಿಕೊಂಡು ಎಂಟು ವರ್ಷ ಗುದ್ದು ಕಲಿಸಿದ, ಒದೆ ಕಲಿಸಿದ, ಬಿದ್ದರೆ ಏಳುವುದನ್ನು ಕಲಿಸಿದ ಮನುಷ್ಯ ತಪ್ಪು ಕಲಿಸಿದರು ಎಂದು ಅವರ ಕಣ್ಣೆದುರಿಗೇ, ಅವರ ಮಕ್ಕಳಿಗೇ ಅನ್ನಬೇಕಂತೆ. ಒಂದು ಬೆಲ್ಟಿಗೆ!

ಅವಳು ಶಿವಶಂಕರ್ ಅವರ ಕಡೆ ತಿರುಗಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಅಂದಳು.

"ಹೇಳಲ್ಲ ಸಾರ್."

ಹಕಾರ ಹಾಲ್‌ನ ಆಚೆ ಗೋಡೆಗೆ ತಾಗುವಷ್ಟು ಸ್ವಚ್ಛವಾಗಿತ್ತು, ಳಕಾರವೂ ಅಷ್ಟೇ. ಬರುವುದಿಲ್ಲ ಎಂದು ಅನ್ನುತ್ತಿಲ್ಲ, ಬಂದರೂ ಅನ್ನುವುದಿಲ್ಲ ಅನ್ನುತ್ತಿದ್ದಾಳೆ ಎಂದು ಶಿವಶಂಕರ್‌ಗೆ ತಿಳಿಯಿತು. ಅವರ ಪೆನ್ನು ಹಾಳೆಯ ಮೇಲೆ ನಿಂತಿತ್ತು. ಚಾಮಿ ಅದನ್ನು ನೋಡಲಿಲ್ಲ. ಮಕ್ಕಳ ಕಡೆ ತಿರುಗಿ "ಅಜಿಮೆ!" ಎಂದು ಕೂಗಿದಳು. ಆವತ್ತು ಆ ಮಕ್ಕಳು ಗುದ್ದಿದ ಹಾಗೆ ಯಾವತ್ತೂ ಗುದ್ದಿರಲಿಲ್ಲ.

ಫಲಿತಾಂಶ ಅಲ್ಲೇ ಬರೆದುಕೊಟ್ಟರು. ಅನುತ್ತೀರ್ಣ. ಕಾರಣದ ಕಡೆ 'ಉಚ್ಚಾರಣೆ ಮತ್ತು ಶಿಸ್ತು' ಎಂದಿತ್ತು. ಮೇಷ್ಟ್ರು ಸೈಕಲ್ ತಳ್ಳಿಕೊಂಡು, ಕುಂಟುತ್ತ ಬೋಗಾದಿ ರಸ್ತೆಯವರೆಗೂ ಅವಳ ಜೊತೆಗೇ ನಡೆದರು.

"ಇಂಗ್ಯಾಕ್ ಮಾಡ್ಕಂಡೆಯವ್ವಾ? ಒಂದಕ್ಷರಕ್ಕೆ ಬೆಲ್ಟ್ ಕಳ್ಕಂಡಲ್ಲ," ಅಂದರು ಕೊನೆಗೆ.

"ನಾನೆಲ್ಲಿ ಕಳ್ಕಂಡೆ ಮೇಷ್ಟ್ರೇ? ಅವ್ರು ಕೊಡ್ನಿಲ್ಲ, ಅಷ್ಟೇಯ," ಅಂದಳು ಚಾಮಿ. ಹಾಗಂದಳೇ ಹೊರತು ಮನೆಗೆ ಹೋಗಿ ಅನ್ನ ಮುಟ್ಟಲಿಲ್ಲ. ಕ್ಲಾಸು ಕೈ ತಪ್ಪಿತಲ್ಲ ಎಂದು ಜೀವ ಹಿಂಡುತ್ತಿತ್ತು. ಮೇಷ್ಟ್ರ ಮೊಣಕಾಲು ಇನ್ನೆಷ್ಟು ದಿನ?

ಕಪ್ಪು ಬೆಲ್ಟ್ ಅವಳಿಗೆ ಆಮೇಲೂ ಬರಲಿಲ್ಲ. ಕ್ಷಮಾಪಣೆ ಬರೆದುಕೊಟ್ಟರೆ ಮತ್ತೆ ಪರೀಕ್ಷೆಗೆ ಕೂರಿಸುತ್ತೇವೆ ಎಂದು ಸಂಘದವರು ಎರಡು ಸಲ ಕಾಗದ ಹಾಕಿದರು, ಅವಳು ಬರೆಯಲಿಲ್ಲ. ಕ್ಲಬ್ಬಿನ ಹೆಸರು ಪಟ್ಟಿಯಿಂದ ಹೋಯಿತು. ಕೆಲವು ಅಪ್ಪ ಅಮ್ಮಂದಿರು ಮಕ್ಕಳನ್ನು ಬಿಡಿಸಿ ಬೇರೆ ಕಡೆ ಸೇರಿಸಿದರು, ಅವರದೂ ತಪ್ಪೆನ್ನಲಾಗದು. 2008ರಲ್ಲೂ ಚಾಮಿಯ ಸೊಂಟದಲ್ಲಿ ಅದೇ ಕಂದು ಬೆಲ್ಟು, ಅಂಚು ಪಿಸಿದು ನೂಲು ಬಂದದ್ದು. ಅದನ್ನು ಕಟ್ಟಿಕೊಂಡು ಅವಳು ಕ್ಲಾಸು ತೆಗೆದುಕೊಳ್ಳಲು ಶುರು ಮಾಡಿದ್ದು ಯಾವಾಗ ಎಂದರೆ, ಪರೀಕ್ಷೆಯ ಮಾರನೇ ಬೆಳಗ್ಗೆಯೇ.

ಆ ಬೆಳಗ್ಗೆ ಅವಳು ಹಾಲು ಹಾಕಿ ಮುಗಿಸಿ ಹೋದಾಗ ಮಕ್ಕಳು ಸಾಲಾಗಿ ನಿಂತಿದ್ದರು. ಎದುರಿಗೆ ಮೇಷ್ಟ್ರು ನಿಲ್ಲುವ ಜಾಗ ಖಾಲಿ. ಬರಲೇ ಇಲ್ಲವೇನೋ, ಬೇಜಾರು ಮಾಡಿಕೊಂಡರೇನೋ ಎಂದು ಸುತ್ತ ನೋಡಿದರೆ, ಕೊನೆಯ ಸಾಲಿನಲ್ಲಿ ನಿಂತಿದ್ದಾರೆ! ಬಿಳಿ ಬೆಲ್ಟಿನ ಪುಟಾಣಿಗಳ ಪಕ್ಕ, ಕಪ್ಪು ಬೆಲ್ಟ್ ಕಟ್ಟಿಕೊಂಡು, ಬಗ್ಗದ ಕಾಲನ್ನು ಆದಷ್ಟು ನೆಟ್ಟಗಿಟ್ಟುಕೊಂಡು.

"ಯಾಕ್ ಮೇಷ್ಟ್ರೇ ಅಲ್ಲಿ ನಿಂತಿದ್ದೀರಿ?" ಅಂದಳು ಚಾಮಿ.

"ಟೈಮಾಯ್ತು. ಶುರು ಮಾಡು."

"ಸಂಘದವ್ರು…"

"ಸಂಘದವ್ರು ಬೆಳಗ್ಗೆ ಆರ್ ಗಂಟೆಗೆ ಎದ್ದು ಬರಾಕಿಲ್ಲ ಕಣವ್ವ. ಓಗು, ಮುಂದೆ ನಿಂತ್ಕೊ."

ಚಾಮಿ ಮುಂದೆ ಹೋಗಿ ನಿಂತಳು. ಕಣ್ಣಲ್ಲಿ ನೀರು ತುಂಬಿ ಮಕ್ಕಳ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಹೊಟ್ಟೆಯೊಳಗಿಂದ ಉಸಿರೆಳೆದು, ಇಡೀ ರಾಮಕೃಷ್ಣನಗರಕ್ಕೆ ಕೇಳುವ ಹಾಗೆ ಕೂಗಿದಳು.

"ಅಜಿಮೆ!"

ಮೊದಲ ಗುದ್ದು ಮೇಷ್ಟ್ರದು.